ವಿಡಾಲ್ ಪಾಸಿಟಿವ್ ಬಂದರೆ ಟೈಫಾಯ್ಡ್ ಅಂತಲೇ ಅರ್ಥವೇ?

ನಮ್ಮ ಹಳ್ಳಿಗಳಲ್ಲಿ ನಾಲ್ಕು ದಿನ ಜ್ವರ ಬಿಡದಿದ್ದರೆ ಲ್ಯಾಬಿನಿಂದ ಒಂದು ಚೀಟಿ ಬರುತ್ತದೆ. ಅದರಲ್ಲಿ 'ವಿಡಾಲ್ ಪಾಸಿಟಿವ್' ಎಂದಿದ್ದರೆ ಮುಗಿಯಿತು, ಟೈಫಾಯ್ಡ್ ಎಂದು ಇಂಜೆಕ್ಷನ್ ಶುರುವಾಗುತ್ತದೆ. ಆ ಚೀಟಿಗೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ.

ಟೈಫಾಯ್ಡ್ ಅಂದರೆ ವಿಷಮಶೀತ ಜ್ವರ. ಅದನ್ನು ತರುವುದು ಸಾಲ್ಮೊನೆಲ್ಲಾ ಕುಲದ ಒಂದು ಬ್ಯಾಕ್ಟೀರಿಯಾ. ಈ ಕುಲಕ್ಕೆ ಹೆಸರು ಬಂದದ್ದು ಹಂದಿಗಳಿಂದ. 1885ರ ಹೊತ್ತಿಗೆ ಅಮೆರಿಕದಲ್ಲಿ ಥಿಯೊಬಾಲ್ಡ್ ಸ್ಮಿತ್ ರೋಗದ ಹಂದಿಗಳಲ್ಲಿ ಇಂಥ ಒಂದು ರೋಗಾಣುವನ್ನು ಕಂಡರು. ಹೆಸರು ಮಾತ್ರ ಅವರ ಮೇಲಧಿಕಾರಿ, ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರದಾಯಿತು. ಈ ಕುಲದ ಹಲವು ಬಗೆಗಳು ಕೋಳಿ, ದನ, ಹಂದಿ, ಹಲ್ಲಿಗಳ ಕರುಳಿನಲ್ಲಿ ಇರುತ್ತವೆ. ಸರಿಯಾಗಿ ಬೇಯದ ಮೊಟ್ಟೆ, ಮಾಂಸ, ಕಾಯಿಸದ ಹಾಲಿನಿಂದ ನಮಗೂ ವಾಂತಿಭೇದಿ ತರುತ್ತವೆ. ಟೈಫಾಯ್ಡಿನ ಬಗೆ ಮಾತ್ರ ಮನುಷ್ಯರಲ್ಲೇ ಬದುಕುತ್ತದೆ. ಒಬ್ಬರ ಮಲ ಇನ್ನೊಬ್ಬರ ನೀರು, ಊಟಕ್ಕೆ ಸೇರಿದಾಗ ಹರಡುತ್ತದೆ.

1896ರಲ್ಲಿ ಫ್ರಾನ್ಸಿನ ವೈದ್ಯ ಫೆರ್ನಾಂಡ್ ವಿಡಾಲ್ ರಕ್ತಪರೀಕ್ಷೆ ಕಂಡುಹಿಡಿದರು. ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ನಮ್ಮಂಥ ಬಿಸಿಲ ನಾಡುಗಳಲ್ಲಿ ತೊಡಕು ಇಲ್ಲೇ. ಇಲ್ಲಿ ಎಷ್ಟೋ ಜನರಿಗೆ ಹಿಂದೆ ಎಂದೋ ಸೋಂಕು ತಗುಲಿರುತ್ತದೆ, ಅದರ ಗುರುತು ರಕ್ತದಲ್ಲಿ ಉಳಿದಿರುತ್ತದೆ. ಬೇರೆ ಸಾಲ್ಮೊನೆಲ್ಲಾ, ಕೆಲವೊಮ್ಮೆ ಮಲೇರಿಯಾ ಇದ್ದರೂ ಪಾಸಿಟಿವ್ ಬರಬಹುದು.

ಜ್ವರ ಗುರುತಿಸುವುದರಲ್ಲಿ ದೊಡ್ಡ ವೈದ್ಯರೂ ಎಡವಿದ್ದಾರೆ. 1948ರಲ್ಲಿ ಮಲಯಾದಲ್ಲಿ ಅಮೆರಿಕದ ತಂಡವೊಂದು ಸ್ಕ್ರಬ್ ಟೈಫಸ್‌ಗೆ ಕ್ಲೋರಾಂಫೆನಿಕಾಲ್ ಕೊಟ್ಟು ನೋಡುತ್ತಿತ್ತು. ಗುಣವಾದವರಲ್ಲಿ ಕೆಲವರಿಗೆ ಇದ್ದದ್ದು ಟೈಫಾಯ್ಡ್ ಎಂದು ಆಮೇಲೆ ತಿಳಿಯಿತು. ಹೀಗೆ ತಪ್ಪಿನಿಂದಲೇ ಟೈಫಾಯ್ಡಿಗೆ ಮದ್ದು ಸಿಕ್ಕಿತು. ಆದರೆ 1972ರಲ್ಲೇ ಮೆಕ್ಸಿಕೊದಲ್ಲಿ, ನಮ್ಮ ಪಕ್ಕದ ಕೇರಳದಲ್ಲಿ ಆ ಮದ್ದಿಗೆ ಬಗ್ಗದ ಟೈಫಾಯ್ಡ್ ಕಾಣಿಸಿತು. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹರಡಿದ ತಳಿಗೆ ಹೆಚ್ಚಿನ ಆ್ಯಂಟಿಬಯಾಟಿಕ್‌ಗಳು ನಾಟುವುದೇ ಇಲ್ಲ.

ಜಗತ್ತಿನಲ್ಲಿ 2019ರಲ್ಲಿ ಸುಮಾರು 90 ಲಕ್ಷ ಜನರಿಗೆ ಟೈಫಾಯ್ಡ್ ಬಂದು, 1 ಲಕ್ಷ 10 ಸಾವಿರ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾಗಿ ರೋಗ ಸುಳ್ಳಲ್ಲ. ಆದರೆ ಚೀಟಿಯೊಂದನ್ನೇ ನಂಬಿ ಕೂತರೆ ಡೆಂಗಿಯೋ ಇಲಿಜ್ವರವೋ ಒಳಗೇ ಬೆಳೆಯುತ್ತದೆ. ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲು 'ಬ್ಲಡ್ ಕಲ್ಚರ್ ಮಾಡಿಸೋಣವೇ ಡಾಕ್ಟ್ರೇ?' ಎಂದು ಕೇಳಿ. ಕೊಟ್ಟ ಮಾತ್ರೆಗಳನ್ನು ಅರ್ಧಕ್ಕೆ ಬಿಡಬೇಡಿ. ನೀರು ಕುದಿಸಿ ಕುಡಿಯಿರಿ.