ಗಮನ ಎಲ್ಲಿದೆ?

ಬೈಂದೂರು, ಬ್ರಹ್ಮಾವರ, ಈಗ ಕುಂದಾಪುರ. ಶಾಲೆ ಬದಲಾದರೂ ತರಗತಿಯಲ್ಲಿ ನಾನು ಕೇಳುವ ಪ್ರಶ್ನೆ ಬದಲಾಗಲಿಲ್ಲ: “ಗಮನ ಎಲ್ಲಿದೆ?” ಅದನ್ನು ನನಗೇ ಕೇಳಿಕೊಳ್ಳುವ ದಿನವೂ ಬಂತು.

ಕಂಪ್ಯೂಟರಿನಲ್ಲಿ ಪ್ರಗತಿಪತ್ರ ತುಂಬುತ್ತಿದ್ದೆ. ಪ್ರತಿ ಹೆಸರಿನ ಮುಂದೆ ಷರಾ ಬರೆಯಲು ಒಂದೊಂದು ಚೌಕ. ಒಬ್ಬ ಹುಡುಗನಿಗೆ ಬರೆದ ‘ಗಮನ ಸಾಲದು’ ಎಂಬುದನ್ನು ತಿದ್ದೋಣವೆಂದು ಮೌಸಿನಿಂದ ಗುರುತು ಮಾಡಿದೆ. ಯಾರೋ ಕರೆದರು, ಕೈ ಜಾರಿತು. ಗುರುತಾದ ಮಾತು ಮೌಸಿನ ಬೆನ್ನು ಹಿಡಿದು ಕೆಳಗಿನ ಚೌಕದಲ್ಲಿ ಹೋಗಿ ಕುಳಿತಿತು. ನಾನು ನೋಡದೆ ಮುದ್ರಿಸಿದೆ, ಸಹಿಯನ್ನೂ ಹಾಕಿದೆ.

ಕೆಳಗಿನ ಚೌಕ ತುಂಬ ಶ್ರದ್ಧೆಯ ಹುಡುಗಿಯೊಬ್ಬಳದು. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುವವರು, ಓದು ಬಾರದು; ಮಗಳೇ ಓದಿ ಹೇಳಬೇಕು. ಇದ್ದದ್ದನ್ನು ಇದ್ದ ಹಾಗೆಯೇ ಓದಿದ್ದಳು. ಮರುದಿನ ಬಂದು, “ಟೀಚರ್, ನಾನ್ ಎಂತ ತಪ್ಪ್ ಮಾಡ್ದೆ?” ಎಂದಳು.

ಆಮೇಲೆ ಈ ವಿದ್ಯೆಯ ಚರಿತ್ರೆಯನ್ನು ಹುಡುಕಿ ಓದಿದೆ. ಡಗ್ಲಾಸ್ ಎಂಗೆಲ್‌ಬರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಜನರಿಗೆ ತೋರಿಸಿದ್ದು 1968ರ ಡಿಸೆಂಬರ್ 9ರಂದು. ಮುಂದೆ ಝೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ ‘ಬ್ರಾವೊ’ ಎಂಬ ಬರೆಯುವ ತಂತ್ರಾಂಶ ಬಂತು. ಅದರಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರ, ಒಮ್ಮೆ ಆಜ್ಞೆ. ಆಜ್ಞೆಯ ಹೊತ್ತೆಂದು ತಿಳಿಯದೆ ‘ಎಡಿಟ್’ ಎಂಬ ಇಂಗ್ಲಿಷ್ ಪದ ಒತ್ತಿದರೆ, ‘ಇ’ಗೆ ಬರೆದದ್ದೆಲ್ಲ ಗುರುತಾಗಿ, ‘ಡಿ’ಗೆ ಅಳಿಸಿಹೋಗಿ, ‘ಐ’ಗೆ ಹೊಸ ಬರಹ ಶುರುವಾಗಿ, ಕೊನೆಗೆ ಒಂದು ‘ಟಿ’ ಮಾತ್ರ ಉಳಿಯುತ್ತಿತ್ತು!

ಇದನ್ನು ಸರಿಪಡಿಸಲು ಹೊರಟವರು ಲ್ಯಾರಿ ಟೆಸ್ಲರ್. ಅವರೂ ಟಿಮ್ ಮಾಟ್ ಅವರೂ 1970ರ ದಶಕದ ನಡುವೆ, ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶಕರಿಗಾಗಿ ‘ಜಿಪ್ಸಿ’ಯನ್ನು ರೂಪಿಸಿದರು. ಸಂಪಾದಕರು ಕತ್ತರಿಯಿಂದ ಕತ್ತರಿಸಿ ಗೋಂದಿನಿಂದ ಅಂಟಿಸುತ್ತಿದ್ದ ಕೆಲಸವೇ ತೆರೆಯ ಮೇಲೂ ಬಂತು. ಕೀಲಿ ಯಾವಾಗಲೂ ಒಂದೇ ಅರ್ಥ ಕೊಡಬೇಕೆಂಬುದು ಟೆಸ್ಲರರ ಹಟ. ಅವರು 2020ರಲ್ಲಿ ತೀರಿಕೊಂಡರು.

ನಮ್ಮ ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅದೇ ಕೀಲಿಗಳಿಗೆ ಕನ್ನಡ ಕಲಿಸಿದರು. ‘ಕೆ’ ಒತ್ತಿದರೆ ಕ, ಜೊತೆಗೆ ಶಿಫ್ಟ್ ಹಿಡಿದರೆ ಖ. ಆದರೆ ಆ ‘ಕ’ ಯಾವ ಚೌಕದಲ್ಲಿ ಬೀಳಬೇಕೆಂದು ಕೀಲಿಗೆ ತಿಳಿಯದು. ಸಣ್ಣ ಗೆರೆ ಎಲ್ಲಿ ಮಿನುಗುತ್ತದೋ ಅಲ್ಲೇ ಬೀಳುವುದು. ಅದಕ್ಕೆ ಇಂಗ್ಲಿಷಿನಲ್ಲಿ ಫೋಕಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗಮನ. ಮೌಸು ಮಾತ್ರ ಈ ಗಮನವನ್ನು ಕಾಯುವುದಿಲ್ಲ, ಎತ್ತಿದ್ದನ್ನು ಬೇರೆ ಚೌಕಕ್ಕೂ ಒಯ್ದು ಹಾಕುತ್ತದೆ. ಎಳೆಯುವಾಗಲೇ ಗೊತ್ತಾದರೆ ಎಸ್ಕೇಪ್ ಒತ್ತಬಹುದು, ಬಿದ್ದ ಮೇಲೆ ಕಂಟ್ರೋಲ್ ಝಡ್. ಎರಡಕ್ಕೂ ನೋಡುವ ಕಣ್ಣು ಬೇಕು.

ಹೊಸ ಪ್ರಗತಿಪತ್ರ ಹಿಡಿದು ನಾನೇ ಅವರ ಮನೆಗೆ ಹೋದೆ, ನಾನೇ ಓದಿದೆ. ತಾಯಿ ಸುಮ್ಮನೆ ಕೇಳಿದರು. ಕೊನೆಗೆ, “ನಾನ್ ಬೈದಾಯ್ತಲ್ಲ ಟೀಚ್ರೇ” ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು.

ಅದಕ್ಕೆ ಕಂಟ್ರೋಲ್ ಝಡ್ ಇರಲಿಲ್ಲ.