ತಗಡು ಕಾಂಕ್ರೀಟನ್ನು ಸೇರುವ ಜಾಗ

ವಾರಾಣಸಿಯ ಕಂಟೋನ್ಮೆಂಟ್‌ನಿಂದ ಕಚಹರಿಯ ಕಡೆಗೆ ಹೊರಟವರು ವರುಣಾ ನದಿಯನ್ನು ದಾಟಬೇಕು. ಊರಿನ ಇನ್ನೊಂದು ತುದಿಯಲ್ಲಿ, ರಾಜಘಾಟ್ ಬಳಿ, ಗಂಗೆಯ ಮೇಲಿದೆ ಮಾಳವೀಯ ಸೇತುವೆ. 1887ರಲ್ಲಿ ಅದು ಡಫರಿನ್ ಸೇತುವೆಯೆಂಬ ಹೆಸರಿನಲ್ಲಿ ತೆರೆದಾಗ ಈ ದೇಶದಲ್ಲಿ ಮೋಟಾರು ಕಾರೇ ಇರಲಿಲ್ಲ. ಅಂದಿನ ಸೇತುವೆಯ ಕಟಾಂಜನಕ್ಕೆ ಜನ, ದನ, ಎತ್ತಿನ ಗಾಡಿ ನೀರಿಗೆ ಬೀಳದಂತೆ ತಡೆದರೆ ಸಾಕಿತ್ತು. ವೇಗ ಬಂದ ಮೇಲೆ ಲೆಕ್ಕ ಬದಲಾಯಿತು.

ಇಂದು ವಾರಾಣಸಿಯನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 19ರಂಥ ರಸ್ತೆಗಳ ಅಂಚಿನಲ್ಲಿ ಎರಡು ಬಗೆಯ ತಡೆಗಳಿವೆ. ಏರಿಯ ಮೇಲೆ ಅಲೆಯಂತೆ ಬಾಗಿಸಿದ 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ, ಅಂದರೆ ಡಬ್ಲ್ಯು ಬೀಮ್. ಸಾಮಾನ್ಯವಾಗಿ 2 ಮೀಟರಿಗೊಂದು ಕಂಬ. ಸೇತುವೆಯ ಮೇಲೆ ಕಾಂಕ್ರೀಟ್ ಗೋಡೆ. ಪಟ್ಟಿ ಬಾಗಿ ಪೆಟ್ಟನ್ನು ನುಂಗುತ್ತದೆ, ಗೋಡೆ ಜಗ್ಗುವುದಿಲ್ಲ. ಬೇರೆ ಬೇರೆಯಾಗಿ ಎರಡೂ ಒಳ್ಳೆಯವೇ. ಅಪಾಯವಿರುವುದು ಅವು ಕೂಡುವಲ್ಲಿ. ಕಾರು ಗುದ್ದಿದಾಗ ಪಟ್ಟಿ ಹಿಂದಕ್ಕೆ ಬಾಗಿ ಜೋಳಿಗೆಯಂತಾದರೆ, ಅದರೊಳಗೆ ಜಾರಿದ ಕಾರು ನೇರವಾಗಿ ಗೋಡೆಯ ತುದಿಗೇ ಅಪ್ಪಳಿಸುತ್ತದೆ. ಕಾಪಾಡಬೇಕಾದ ಪಟ್ಟಿಯೇ ಕೊಲ್ಲುವ ದಾರಿ ತೋರಿಸುತ್ತದೆ.

ಇದು ಬಹಳ ಕಾಲ ಯಾರ ಗಮನಕ್ಕೂ ಬೀಳಲಿಲ್ಲ. ರಸ್ತೆ ಕಟ್ಟುವವರು ತಮ್ಮ ಪಟ್ಟಿಯನ್ನು ಸೇತುವೆಯ ಹತ್ತಿರ ನಿಲ್ಲಿಸುತ್ತಿದ್ದರು. ಸೇತುವೆ ಕಟ್ಟುವವರು ತಮ್ಮ ಗೋಡೆಯನ್ನು ಸೇತುವೆಯಲ್ಲೇ ಮುಗಿಸುತ್ತಿದ್ದರು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ರಸ್ತೆಬದಿಯ ಅಪಾಯಗಳ ವಿಚಾರಣೆ ನಡೆಸಿತು. ಅದರ ಮುಂದೆ ಚಿತ್ರಗಳನ್ನಿಟ್ಟು ಸಾಕ್ಷಿ ನುಡಿದವರಲ್ಲಿ ನ್ಯೂಯಾರ್ಕಿನ ಟೀವಿ ರಿಪೇರಿಗಾರ ಜೋಸೆಫ್ ಲಿಂಕೋ ಒಬ್ಬ. ಎಂಜಿನಿಯರುಗಳು ದಿನವೂ ಹಾದುಹೋಗುತ್ತಿದ್ದ ತಪ್ಪುಗಳನ್ನು ಆತ ಕ್ಯಾಮೆರಾದಲ್ಲಿ ಹಿಡಿದಿದ್ದ.

ಪರಿಹಾರದ ತತ್ವ ಸರಳ: ಮೆದುವಿನಿಂದ ಗಟ್ಟಿಗೆ ಒಮ್ಮೆಲೇ ಜಿಗಿಯಬಾರದು. ಸೇತುವೆ ಹತ್ತಿರವಾದಂತೆ ಕಂಬಗಳು ಒತ್ತೊತ್ತಾಗಬೇಕು. ಪಟ್ಟಿ ಜೋಡಿಯಾಗಬೇಕು, ಇಲ್ಲವೇ ಮೂರಲೆಯ ಬಲವಾದ ಪಟ್ಟಿಗೆ ದಾಟಬೇಕು. ಕೊನೆಗೆ ಗೋಡೆಗೆ ಬೋಲ್ಟಿನಿಂದ ಭದ್ರವಾಗಿ ಬಿಗಿದುಕೊಳ್ಳಬೇಕು. ಹೀಗೆ ಜೋಡಿಸಿದ್ದನ್ನೂ ನಂಬದೆ ಗುದ್ದಿಸಿ ನೋಡುವ ಪದ್ಧತಿ ಬೆಳೆಯಿತು. 1993ರ ಅಮೆರಿಕದ ನಿಯಮದಂತೆ 2000 ಕಿಲೋ ತೂಕದ ಪಿಕಪ್ ವಾಹನ ಗಂಟೆಗೆ 100 ಕಿ.ಮೀ. ವೇಗದಲ್ಲಿ, 25 ಡಿಗ್ರಿ ಓರೆಯಲ್ಲಿ ಬಂದು ಗುದ್ದಬೇಕಿತ್ತು.

ಭಾರತದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ರಸ್ತೆ ತಡೆಗಳಿಗಾಗಿಯೇ ಐಆರ್‌ಸಿ 119 ಎಂಬ ಮಾರ್ಗಸೂಚಿ ತಂದಿತು. ಆದರೆ ಕಾಗದ ಕಂಬ ನೆಡುವುದಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮೇಲೇರಿದರೆ ಪಟ್ಟಿಯ ಎತ್ತರ ತಗ್ಗುತ್ತದೆ. ಲಾರಿ ಗುದ್ದಿದ ಪಟ್ಟಿಯನ್ನು ಬದಲಿಸುವಾಗ ಕೊನೆಯ ನಾಲ್ಕು ಬೋಲ್ಟು ಬಿಟ್ಟುಹೋದರೆ, ಆ ಜಾಗ ಮತ್ತೆ 1967ಕ್ಕೂ ಹಿಂದಿನದಾಗುತ್ತದೆ.