ಗಂಧರ್ವಕನ್ಯೆಯ ಹೆಸರೇ ‘ಕಾದಂಬರಿ’

ಹದಿಮೂರು ಹದಿನಾಲ್ಕು ತುಂಬಿದ ನಮ್ಮ ಮಕ್ಕಳು ಆರುನೂರು ಪುಟದ ಇಂಗ್ಲಿಷ್ ಪುಸ್ತಕವನ್ನು ಎರಡೇ ದಿನದಲ್ಲಿ ಮುಗಿಸಿಬಿಡುತ್ತಾರೆ. ಮಾಂತ್ರಿಕರ ಶಾಲೆ, ಮಾತನಾಡುವ ಮರ, ಬೆಂಕಿಯುಗುಳುವ ಘಟಸರ್ಪ ಇವಿಷ್ಟು ಇದ್ದರೆ ಊಟಕ್ಕೆ ಕರೆದರೂ ಅವರಿಗೆ ಕೇಳಿಸದು. ಅದೇ ಮಕ್ಕಳ ಮುಂದೆ ಒಂದು ಕನ್ನಡ ಪುಸ್ತಕ ಇಟ್ಟರೆ, ಇದರಲ್ಲಿ ಬರೀ ನೀತಿ ಇರುತ್ತದೆ ಎಂದು ಬದಿಗೆ ಸರಿಸುತ್ತಾರೆ. ಅಂಬರನಾಥ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ಈ ದೂರು ಹೊಸದಲ್ಲ. ಮಕ್ಕಳ ಮಾತಿನಲ್ಲಿ ಸತ್ಯವೂ ಇದೆ. ಸ್ಪರ್ಧೆ, ಬಹುಮಾನಗಳ ಮೂಲಕ ಅವರ ಕೈ ಸೇರುವುದು ಹೆಚ್ಚಾಗಿ ನೀತಿಯ ಪುಸ್ತಕಗಳೇ. ಆದರೆ ಅದ್ಭುತ ಕಥೆಯೆಂಬುದು ಪರದೇಶದ ಸರಕು, ಕನ್ನಡದಲ್ಲಿ ಅದು ಇಲ್ಲವೇ ಇಲ್ಲ ಎಂದರೆ ಮಾತ್ರ ನಾವು ಒಪ್ಪಲಾರೆವು.

ಮೊದಲು ‘ಕಾದಂಬರಿ’ ಎಂಬ ಶಬ್ದವನ್ನೇ ನೋಡೋಣ. ಹಿಂದಿಯವರು ‘ಉಪನ್ಯಾಸ’ ಎನ್ನುವುದನ್ನು, ತೆಲುಗರು ‘ನವಲ’ ಎನ್ನುವುದನ್ನು ನಾವೂ ನಮ್ಮ ನೆರೆಮನೆಯ ಮರಾಠಿಗರೂ ‘ಕಾದಂಬರಿ’ ಎನ್ನುತ್ತೇವೆ. ಈ ಕಾದಂಬರಿ ಯಾರು? 7ನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟ ಬರೆದ ಗದ್ಯಕಾವ್ಯದ ನಾಯಕಿ. ಗಂಧರ್ವರಾಜ ಚಿತ್ರರಥನ ಮಗಳು. ಒಬ್ಬ ಕಥಾನಾಯಕಿಯ ಹೆಸರು ಎರಡು ಭಾಷೆಗಳಲ್ಲಿ ಒಂದು ಸಾಹಿತ್ಯ ಪ್ರಕಾರಕ್ಕೇ ಹೆಸರಾಗಿ ನಿಂತದ್ದು ಸೋಜಿಗದ ಸಂಗತಿ. ಇಂದು ಮಹಾನಗರದ ಬದುಕಿನ ಕಟುಸತ್ಯಗಳನ್ನು ಬರೆಯುವ ಲೇಖಕರೂ ತಮ್ಮ ಕೃತಿಯ ಮುಖಪುಟದ ಮೇಲೆ ಆ ಗಂಧರ್ವಕನ್ಯೆಯ ಹೆಸರನ್ನೇ ಅಚ್ಚು ಹಾಕಿಸುತ್ತಾರೆ!

ಆ ಕಥೆಯಾದರೂ ಎಂಥದು? ಶೂದ್ರಕ ರಾಜನ ಸಭೆಗೆ ಒಬ್ಬ ಹುಡುಗಿ ಪಂಜರದಲ್ಲಿ ಒಂದು ಗಿಳಿಯನ್ನು ತರುತ್ತಾಳೆ. ಗಿಳಿ ಕಥೆ ಹೇಳತೊಡಗುತ್ತದೆ. ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡನನ್ನು ಆರನೆಯ ವಯಸ್ಸಿನಲ್ಲಿ ಊರ ಹೊರಗಿನ ವಿದ್ಯಾಮಂದಿರಕ್ಕೆ ಕಳುಹಿಸುತ್ತಾರೆ. ಹತ್ತು ವರ್ಷ ಅಲ್ಲಿಂದ ಹೊರಗೆ ಕಾಲಿಡುವಂತಿಲ್ಲ. ಹದಿನಾರಕ್ಕೆ ಹೊರಬಂದವನಿಗೆ ಸಿಗುವುದು ಇಂದ್ರಾಯುಧವೆಂಬ ಕುದುರೆ. ಅದನ್ನು ಕಂಡೊಡನೆಯೇ ಇದು ಬರಿಯ ಕುದುರೆಯಲ್ಲ, ಶಾಪಗ್ರಸ್ತ ಜೀವವಿರಬೇಕು ಎಂದು ಅವನಿಗೆ ಅನಿಸುತ್ತದೆ. ಮುಂದೆ ದಂಡಯಾತ್ರೆಯಲ್ಲಿ ಕಿನ್ನರ ಜೋಡಿಯೊಂದನ್ನು ಬೆನ್ನಟ್ಟಿ ದಾರಿ ತಪ್ಪಿದವನು ಅಚ್ಛೋದ ಸರೋವರದ ದಡಕ್ಕೆ ಬರುತ್ತಾನೆ. ಅಲ್ಲಿ ವೀಣೆಯ ದನಿ ಕೇಳುತ್ತದೆ. ಇಷ್ಟಕ್ಕೆ ನಿಲ್ಲಿಸುತ್ತೇವೆ. ಕುದುರೆ ಯಾರು, ಗಿಳಿ ಯಾರು, ಕಥೆ ಕೇಳುತ್ತಿರುವ ರಾಜನೇ ಯಾರು ಎಂಬುದನ್ನು ಇಲ್ಲಿ ಹೇಳಿಬಿಟ್ಟರೆ ಓದುವವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬಾಣಭಟ್ಟ ಇದನ್ನು ಮುಗಿಸದೆಯೇ ತೀರಿಕೊಂಡ. ಉಳಿದದ್ದನ್ನು ಅವನ ಮಗ ಪೂರ್ಣಗೊಳಿಸಿದ. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಚಂಪುವಿನಲ್ಲಿ ತಂದ. ಊರ ಹೊರಗಿನ ಶಾಲೆ, ಒಗಟಿನ ಕುದುರೆ, ಜನ್ಮಾಂತರದ ಗುಟ್ಟು ಇವೆಲ್ಲ ಕನ್ನಡದ ಓದುಗರಿಗೆ ಸಾವಿರ ವರ್ಷದ ಹಿಂದೆಯೇ ದೊರೆತಿದ್ದವು.

ಇಂಥ ಕಥೆಗಳಿಗೆಲ್ಲ ಮೂಲಗಂಗೆ ಗುಣಾಢ್ಯನ ‘ಬೃಹತ್ಕಥೆ’ ಎಂದು ಹಿಂದಿನವರು ಹೇಳುತ್ತ ಬಂದಿದ್ದಾರೆ. ಮೂಲಗ್ರಂಥ ಇಂದು ಉಳಿದಿಲ್ಲ. ಅದು ಹುಟ್ಟಿದ ಬಗೆಯ ಕಥೆ ಉಳಿದಿದೆ. ವಲಸೆ ಬಂದ ನಾವು ಅದನ್ನು ಅವಶ್ಯ ತಿಳಿದಿರಬೇಕು. ಗುಣಾಢ್ಯನಿದ್ದದ್ದು ಸಾತವಾಹನ ರಾಜನ ಆಸ್ಥಾನದಲ್ಲಿ. ಸಾತವಾಹನರ ಪ್ರತಿಷ್ಠಾನವೇ ಗೋದಾವರಿ ತೀರದ ಇಂದಿನ ಪೈಠಣ. ಒಂದು ದಿನ ಜಲಕ್ರೀಡೆಯಲ್ಲಿ ರಾಜ ನೀರೆರಚುತ್ತಿದ್ದಾಗ ರಾಣಿ ಸಂಸ್ಕೃತದಲ್ಲಿ ‘ಮೋದಕೈಃ’ ಎಂದಳು. ‘ಮಾ ಉದಕೈಃ’, ನೀರಿನಿಂದ ಹೊಡೆಯಬೇಡ ಎಂದು ಅವಳ ಅರ್ಥ. ಸಂಧಿ ತಿಳಿಯದ ರಾಜ ಮೋದಕಗಳನ್ನು ತರಿಸಿದ. ರಾಣಿ ನಕ್ಕಳು, ರಾಜ ನಾಚಿ ಹಾಸಿಗೆ ಹಿಡಿದ. ಗಣೇಶ ಚವತಿಗೆ ಮನೆಮನೆಯಲ್ಲೂ ಮೋದಕ ಮಾಡುವ ಈ ಸೀಮೆಯಲ್ಲಿ ನಮ್ಮ ಮಕ್ಕಳಿಗೆ ಈ ನಗೆ ಬೇಗ ಹತ್ತುತ್ತದೆ.

ನಗೆಯ ಹಿಂದೆಯೇ ದುಃಖ ಬರುತ್ತದೆ. ರಾಜನಿಗೆ ವ್ಯಾಕರಣ ಕಲಿಸಲು ಆರು ವರ್ಷ ಬೇಕೆಂದು ಗುಣಾಢ್ಯ ಹೇಳಿದ. ಶರ್ವವರ್ಮ ಎಂಬವನು ಆರು ತಿಂಗಳು ಸಾಕೆಂದ. ಹಾಗಾದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟೆ ಎಂದು ಗುಣಾಢ್ಯ ಪಣ ತೊಟ್ಟು ಸೋತ. ಮೂರು ಭಾಷೆಗಳನ್ನು ಕಳೆದುಕೊಂಡವನು ಮಾತಿಲ್ಲದೆ ವಿಂಧ್ಯದ ಕಾಡು ಸೇರಿ, ಅಲ್ಲಿ ನಾಲ್ಕನೆಯದಾದ ಪೈಶಾಚಿಯನ್ನು ಕಲಿತು, ಮಸಿಯಿಲ್ಲದೆ ತನ್ನ ರಕ್ತದಲ್ಲೇ ಏಳು ಲಕ್ಷ ಶ್ಲೋಕಗಳ ಕಥೆಯನ್ನು ಬರೆದ. ಪಿಶಾಚಿಗಳ ಭಾಷೆಯೆಂದು ರಾಜ ಅದನ್ನು ತಿರಸ್ಕರಿಸಿದ. ಗುಣಾಢ್ಯ ಬೆಂಕಿ ಹಾಕಿ, ಒಂದೊಂದೇ ಎಲೆಯನ್ನು ಕಾಡಿನ ಮೃಗಗಳಿಗೆ ಓದಿ ಹೇಳಿ ಸುಡತೊಡಗಿದ. ಮೃಗಗಳು ಮೇವು ಬಿಟ್ಟು ಕಣ್ಣೀರಿಟ್ಟು ಕೇಳಿದವು. ಅರಮನೆಯ ಅಡಿಗೆಗೆ ಬರುವ ಮಾಂಸ ಒಣಗಿಹೋಯಿತೆಂಬ ದೂರಿನಿಂದ ರಾಜನಿಗೆ ಸಂಗತಿ ತಿಳಿಯಿತು. ಅವನು ಓಡಿ ಬರುವಷ್ಟರಲ್ಲಿ ಆರು ಲಕ್ಷ ಬೂದಿಯಾಗಿತ್ತು. ಉಳಿದದ್ದು ಒಂದು ಲಕ್ಷ.

ಇಲ್ಲಿನ ನಮ್ಮ ಮಕ್ಕಳಿಗೂ ನಾಲ್ಕು ಭಾಷೆಗಳಿವೆ. ಬೀದಿಗೆ ಮರಾಠಿ, ರೈಲಿಗೆ ಹಿಂದಿ, ಶಾಲೆಗೆ ಇಂಗ್ಲಿಷ್. ನಾಲ್ಕನೆಯದು ಮನೆಯ ಕನ್ನಡ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯ ದೀಪದಲ್ಲಿ ಕನ್ನಡ ಓದಿದ ತಲೆಮಾರಿನ ಮೊಮ್ಮಕ್ಕಳು ಇಂದು ಅಜ್ಜಿಯೊಡನೆ ಕನ್ನಡ ಮಾತನಾಡಬಲ್ಲರು, ಅಂಗಡಿಯ ಕನ್ನಡ ಫಲಕ ಓದಲಾರರು. ಭಾಷಾಭಿಮಾನದ ಭಾಷಣ ಕೇಳಿ ಅಕ್ಷರ ಕಲಿತ ಮಗುವನ್ನು ನಾವು ಕಂಡಿಲ್ಲ. ಕಥೆಯ ಮುಂದಿನ ಪುಟದಲ್ಲಿ ಏನಿದೆಯೆಂಬ ತವಕಕ್ಕೆ ಮಾತ್ರ ಆ ಶಕ್ತಿಯಿದೆ. ಇದಕ್ಕೆ ಹಿಂದಿಯ ಉದಾಹರಣೆ ಪ್ರಸಿದ್ಧವಾಗಿದೆ. 1888ರಲ್ಲಿ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಹೊರಬಂದಾಗ, ವೇಷ ಮರೆಸುವ ಐಯಾರರ, ಮಾಯಾಕೋಟೆಯಾದ ತಿಲಿಸ್ಮಿನ ಆ ಕಥೆಯನ್ನು ಓದುವ ಸಲುವಾಗಿಯೇ ಉರ್ದು ಬಲ್ಲ ಅನೇಕರು ನಾಗರಿ ಲಿಪಿ ಕಲಿತರೆಂದು ಸಾಹಿತ್ಯ ಚರಿತ್ರೆಯಲ್ಲಿ ಹೇಳುತ್ತಾರೆ.

ಗುಣಾಢ್ಯನ ಕಥೆಗಳು ಕನ್ನಡಕ್ಕೆ ಬೇಗನೆ ಬಂದವು. ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರಲ್ಲಿ ‘ಪಂಚತಂತ್ರ’ ಬರೆದ. ಅವನು ಅನುಸರಿಸಿದ್ದು ವಸುಭಾಗಭಟ್ಟನನ್ನು. ವಸುಭಾಗನಿಗೆ ಮೂಲ ಬೃಹತ್ಕಥೆಯೆಂದು ದುರ್ಗಸಿಂಹನೇ ಹೇಳಿಕೊಂಡಿದ್ದಾನೆ. ಆ ಬಳಿಕ ಮೂವತ್ತು ವರ್ಷ ಕಳೆಯುವುದರೊಳಗೆ, ನಮ್ಮ ಊರಿನ ವಾಲಧುನಿ ನದಿಯ ದಡದಲ್ಲಿ ಕಪ್ಪುಕಲ್ಲಿನ ಶಿವಾಲಯ ಎದ್ದುನಿಂತಿತು. ಅಲ್ಲಿನ ಶಾಸನದ ಕಾಲ ಶಕ 982, ಅಂದರೆ ಕ್ರಿ.ಶ. 1060, ರಾಜ ಶಿಲಾಹಾರ ವಂಶದ ಮುಮ್ಮುಣಿ. ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದವರು. ‘ಕವಿರಾಜಮಾರ್ಗ’ದ ನೃಪತುಂಗ ಅಮೋಘವರ್ಷನ ಹೆಸರು ಬೊರಿವಲಿ ಬಳಿಯ ಕಾನ್ಹೇರಿ ಗುಹೆಗಳ ಶಿಲಾಹಾರ ಶಾಸನಗಳಲ್ಲಿದೆ. ಈ ಮನೆತನದ ಬಿರುದುಗಳಲ್ಲಿ ವಿದ್ವಾಂಸರು ಕನ್ನಡವನ್ನು ಗುರುತಿಸಿದ್ದಾರೆ. ಕೊಲ್ಲಾಪುರದ ಶಾಖೆಯವರಂತೂ ಕನ್ನಡದಲ್ಲೇ ಹೇರಳ ಶಾಸನಗಳನ್ನು ಬರೆಸಿದರು.

ನಮ್ಮ ವಿಷಯಕ್ಕೆ ಬೇಕಾದದ್ದು ಅವರ ವಂಶಾವಳಿ. ಬೇರೆ ರಾಜರು ಸೂರ್ಯನಿಂದಲೋ ಚಂದ್ರನಿಂದಲೋ ಹುಟ್ಟಿದೆವೆಂದರು. ಶಿಲಾಹಾರರು ತಾವು ವಿದ್ಯಾಧರ ಜೀಮೂತವಾಹನನ ವಂಶದವರೆಂದರು. ಈ ಜೀಮೂತವಾಹನ ಬೃಹತ್ಕಥೆಯ ಪರಂಪರೆಯ ಕಥಾನಾಯಕ. ಬೇಡಿದ್ದನ್ನು ಕೊಡುವ ಕಲ್ಪವೃಕ್ಷವನ್ನೇ ಲೋಕಕ್ಕೆ ದಾನ ಮಾಡಿ ಕಾಡಿಗೆ ಬಂದ ರಾಜಕುಮಾರ ಅವನು. ಕಡಲತೀರದಲ್ಲಿ ಬೆಟ್ಟದಂತೆ ಬಿದ್ದ ಎಲುಬುಗಳನ್ನು ಕಾಣುತ್ತಾನೆ. ಅವು ದಿನಕ್ಕೊಬ್ಬರಂತೆ ಗರುಡನಿಗೆ ಆಹಾರವಾದ ನಾಗರ ಎಲುಬುಗಳು. ಅಂದಿನ ಸರದಿ ಶಂಖಚೂಡನದು. ಅವನ ತಾಯಿ ಅಳುತ್ತಿದ್ದಾಳೆ. ಜೀಮೂತವಾಹನ ಅವನ ಬದಲಿಗೆ ವಧ್ಯಶಿಲೆಯನ್ನು ಏರಿ ಕುಳಿತುಕೊಳ್ಳುತ್ತಾನೆ. ಶಿಲೆಯ ಮೇಲೆ ಆಹಾರವಾದವನ ಕುಲ ಶಿಲಾಹಾರ ಕುಲವಾಯಿತೆಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ಧ್ವಜದ ಮೇಲೆ ಅವರು ಇಟ್ಟುಕೊಂಡದ್ದು ಚಿನ್ನದ ಗರುಡನನ್ನು. ಇದೇ ಕಥೆಯನ್ನು ಶ್ರೀಹರ್ಷ ‘ನಾಗಾನಂದ’ ನಾಟಕ ಮಾಡಿದ. ಅಂಬರನಾಥದ ದೇಗುಲ ಎದ್ದ ಕೆಲವೇ ವರ್ಷಗಳಲ್ಲಿ, ದೂರದ ಕಾಶ್ಮೀರದಲ್ಲಿ ಸೋಮದೇವ ರಾಣಿ ಸೂರ್ಯವತಿಯ ಮನಸ್ಸಂತೋಷಕ್ಕಾಗಿ 124 ತರಂಗಗಳ ‘ಕಥಾಸರಿತ್ಸಾಗರ’ ಬರೆದು ಅದರಲ್ಲಿ ಜೀಮೂತವಾಹನನ ಕಥೆಯನ್ನು ಎರಡು ಸಲ ಹೇಳಿದ. ಮಹಾಶಿವರಾತ್ರಿಯ ಜಾತ್ರೆಯ ನೂಕುನುಗ್ಗಲಿನಲ್ಲಿ ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗಿ ಬರುವ ಮಕ್ಕಳಿಗೆ ಇದನ್ನು ಹೇಳುವವರು ಬೇಕು.

ಅನಂತರದ ಕಾಲವನ್ನು ಬೇಗ ದಾಟೋಣ. 12ನೆಯ ಶತಮಾನದಲ್ಲಿ ನೇಮಿಚಂದ್ರ ‘ಲೀಲಾವತಿ ಪ್ರಬಂಧ’ದಲ್ಲಿ, ಒಬ್ಬರನ್ನೊಬ್ಬರು ಕನಸಿನಲ್ಲಿ ಮಾತ್ರ ಕಂಡ ರಾಜಕುಮಾರ ರಾಜಕುಮಾರಿಯರ ಕಥೆ ಹೇಳಿದ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ ನಮ್ಮ ಕಾದಂಬರಿ ಸಮಾಜದ ಕಡೆಗೆ ತಿರುಗಿತು. ಆ ತಿರುವು ಬೇಕಾಗಿತ್ತು. ಅದರಿಂದ ಒಂದು ನಷ್ಟವೂ ಆಯಿತೆಂದು ನಮ್ಮ ಅಭಿಪ್ರಾಯ: ಅದ್ಭುತವೆಲ್ಲ ಚಿಕ್ಕ ಮಕ್ಕಳ ಪಾಲಿಗೆ ಹೋಯಿತು, ದೊಡ್ಡವರಿಗೆ ಸಮಸ್ಯೆಗಳು ಉಳಿದವು, ನಡುವಿನ ಹರೆಯದವರು ಬರಿಗೈಯಲ್ಲಿ ನಿಂತರು.

ಆ ಹರೆಯದವರನ್ನು ಬಹುಕಾಲ ಸಾಕಿದ್ದು ‘ಚಂದಮಾಮ’. ಮದರಾಸಿನಿಂದ 1947ರಲ್ಲಿ ತೆಲುಗು, ತಮಿಳಿನಲ್ಲಿ ಹೊರಟ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು, 1952ರಲ್ಲಿ ‘ಚಾಂದೋಬಾ’ ಆಗಿ ಮರಾಠಿಗೂ ಬಂತು. ವಿಕ್ರಮನ ಹೆಗಲೇರಿದ ಬೇತಾಳ ಸೋಮದೇವನ ಸಾಗರದಿಂದಲೇ ಎದ್ದುಬಂದವನು. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ ಮಾಂತ್ರಿಕರ, ಪಾಳುಗುಡಿಗಳ ಧಾರಾವಾಹಿಗಳು ಅನೇಕ ಭಾಷೆಗಳಿಗೆ ಹರಿದವು. ಪತ್ರಿಕೆ ಈಗ ನಿಂತುಹೋಗಿದೆ. ಹಳೆಯ ಸಂಪುಟಗಳು ಸಿಕ್ಕರೆ ಬಿಡಬೇಡಿ. ಒಂದೇ ಚಿತ್ರ, ಒಂದೇ ಕಥೆ ಎರಡು ಲಿಪಿಗಳಲ್ಲಿ ದೊರೆಯುವುದರಿಂದ, ದೇವನಾಗರಿ ಬಲ್ಲ ಮಗುವಿಗೆ ಚಾಂದೋಬಾ ಪಕ್ಕದಲ್ಲಿ ಚಂದಮಾಮ ಇಟ್ಟು ಕನ್ನಡ ಅಕ್ಷರ ಕಲಿಸುವುದಕ್ಕಿಂತ ಸುಲಭದ ದಾರಿ ನಮಗೆ ತಿಳಿಯದು.

ಇನ್ನು ಯಾವ ಪುಸ್ತಕದಿಂದ ಆರಂಭಿಸಬೇಕು? ಹನ್ನೆರಡರ ಆಸುಪಾಸಿನವರಿಗೆ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’. ಇಂಗ್ಲಿಷಿನ ಆಲಿಸ್ ಎಂಬ ಹುಡುಗಿ ಇಲ್ಲಿ ನಮ್ಮ ಪಾಪಚ್ಚಿಯಾಗಿದ್ದಾಳೆ. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿ ಕನ್ನಡವನ್ನು ಕಲಿತು ಬರೆದವರು ಎಂಬುದನ್ನೂ ಮಕ್ಕಳಿಗೆ ಹೇಳಿರಿ. ಆಮೇಲೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ಕಥಾಮೃತ’. ಕಥಾಸರಿತ್ಸಾಗರವನ್ನು ಇಷ್ಟು ತಿಳಿಯಾದ ಗದ್ಯದಲ್ಲಿ ಹರಿಸಿದ ಇನ್ನೊಂದು ಪುಸ್ತಕ ನಮ್ಮ ಕಣ್ಣಿಗೆ ಬಿದ್ದಿಲ್ಲ. ಮನೆಯಲ್ಲಿ ಒಂದೇ ಕನ್ನಡ ಪುಸ್ತಕ ಕೊಳ್ಳುವವರಿದ್ದರೆ ಇದನ್ನೇ ಕೊಳ್ಳಲಿ. ಅಕ್ಷರ ಬಾರದ ಮಕ್ಕಳಿಗೆ ರಾತ್ರಿ ಊಟದ ಮೇಲೆ ಅರ್ಧ ಕಥೆ ಓದಿ ಹೇಳಿ ಪುಸ್ತಕ ಮುಚ್ಚಿಡಿ. ಉಳಿದರ್ಧಕ್ಕೆ ಅವರೇ ತಡಕಾಡಲಿ.

ಹದಿನಾರು ದಾಟಿದವರಿಗೆ ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’. ಎರಡನೆಯದು ಇಂದ್ರಪದವಿಗೇರಿದ ನಹುಷನ ಕಥೆ. 1962ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಭೈರಪ್ಪನವರು 1979ರ ‘ಪರ್ವ’ದಲ್ಲಿ ಮಹಾಭಾರತದಿಂದ ಪವಾಡಗಳನ್ನೆಲ್ಲ ತೆಗೆದುಹಾಕಿದರು, ದೇವುಡು ಪವಾಡವನ್ನು ಇಟ್ಟುಕೊಂಡೇ ಮನುಷ್ಯನನ್ನು ತೋರಿಸಿದರು. ಹರೆಯದವರು ದೇವುಡು ಅವರನ್ನು ಮೊದಲು, ‘ಪರ್ವ’ವನ್ನು ಆಮೇಲೆ ಓದುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಬೆಳಗಾವಿ ಸೀಮೆಯ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಅಧಿಕಾರದಾಹದ ಮಾಯಾಕಥೆ. ಭಾಷೆ ಸ್ವಲ್ಪ ಗಟ್ಟಿ, ದೊಡ್ಡವರು ಜೊತೆಗಿರಬೇಕು. ನಾಟಕ ಮೆಚ್ಚುವವರಿಗೆ ಗಿರೀಶ ಕಾರ್ನಾಡರ ‘ಹಯವದನ’ ಇದೆ. ಅದರಲ್ಲಿ ತಲೆಗಳು ಅದಲುಬದಲಾಗುವ ಪ್ರಸಂಗ ಬೇತಾಳನು ಹೇಳಿದ್ದೇ. ಜರ್ಮನಿಯ ಥಾಮಸ್ ಮನ್ ಕೈಸೇರಿ, ಅಲ್ಲಿಂದ ಧಾರವಾಡಕ್ಕೆ ತಿರುಗಿ ಬಂತು.

ಮರಾಠಿಯನ್ನೇ ಸರಾಗವಾಗಿ ಓದುವ ಮಕ್ಕಳಿಗೆ ಜಿ.ಎ. ಕುಲಕರ್ಣಿಯವರ ‘ಬಖರ ಬಿಮ್ಮಚಿ’ ಕೊಡಿರಿ; ದೊಡ್ಡವರಾದ ಮೇಲೆ ಅವರದೇ ‘ರಮಲಖುಣಾ’. ಕುಲಕರ್ಣಿಯವರು ಬೆಳಗಾವಿ ಕಡೆಯವರು, ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ, ಸುತ್ತಲೂ ಕನ್ನಡ ಕೇಳುತ್ತ ಮರಾಠಿ ಬರೆದವರು. ಈ ಎರಡು ಪುಸ್ತಕಗಳಿಗಾಗಿ ದೂರ ಹೋಗಬೇಕಾಗಿಲ್ಲ. ಪಕ್ಕದ ಮನೆಯವರಲ್ಲಿ ಕೇಳಿದರೆ ಸಿಕ್ಕೀತು.